ನಾಲ್ಕು ಖಾಲಿ ಸಾಲುಗಳು: ಸ್ವರ್ಣಾ–ಸೀತಾ ಅಳಿವೆಯ ಒಂದು ಪಿಎಚ್‌.ಡಿ. ಪ್ರಕರಣ

2024ರ ಡಿಸೆಂಬರಿನಲ್ಲಿ ಉಡುಪಿ ಜಿಲ್ಲೆಯ ಒಬ್ಬ ಪಿಎಚ್‌.ಡಿ. ಅಭ್ಯರ್ಥಿ ತಮ್ಮ ಸಂಶೋಧನಾ ಸಲಹಾ ಸಮಿತಿಯ ಮುಂದೆ ಆರು ತಿಂಗಳ ಪ್ರಗತಿಯನ್ನು ಮಂಡಿಸಿದರು. ಆ ಸಮಿತಿಯ ಸದಸ್ಯರಲ್ಲಿ ನಾನೂ ಒಬ್ಬ. ಸ್ವರ್ಣಾ ಮತ್ತು ಸೀತಾ ನದಿಗಳು ಕೋಡಿ ಬೆಂಗ್ರೆಯ ಬಳಿ ಸಮುದ್ರವನ್ನು ಸೇರುವ ಅಳಿವೆಯಲ್ಲಿ, ಕೆಸರಿನೊಳಗೆ ಬದುಕುವ ತಳವಾಸಿ ಜೀವಿಗಳು ಋತುವಿನಿಂದ ಋತುವಿಗೆ ಹೇಗೆ ಬದಲಾಗುತ್ತವೆ ಎಂಬುದು ಅವರ ವಿಷಯ. ಪರದೆಯ ಮೇಲಿದ್ದ ಕೋಷ್ಟಕದಲ್ಲಿ ಐದು ತಾಣಗಳ ಮಾಸಿಕ ಮಾದರಿಗಳ ಲೆಕ್ಕವಿತ್ತು. 2023ರ ಅಕ್ಟೋಬರಿನಿಂದ 2024ರ ಮೇ ತನಕ ಎಂಟು ತಿಂಗಳು, ಆಮೇಲೆ ಮತ್ತೆ ಅಕ್ಟೋಬರ್ ಮತ್ತು ನವೆಂಬರ್. ನಡುವಿನ ಜೂನ್, ಜುಲೈ, ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳ ನಾಲ್ಕು ಸಾಲುಗಳಲ್ಲಿ ತಿಂಗಳ ಹೆಸರಿನ ಹೊರತು ಬೇರೇನೂ ಇರಲಿಲ್ಲ.

ಉಳಿದ ಎಲ್ಲ ದೃಷ್ಟಿಯಿಂದಲೂ ಅವರ ಕಡತ ಕ್ರಮಬದ್ಧವಾಗಿತ್ತು. ಕೋರ್ಸ್‌ವರ್ಕ್ ಮುಗಿದಿತ್ತು, ಶುಲ್ಕ ಕಟ್ಟಿತ್ತು, ಎರಡು ಪ್ರಗತಿ ವರದಿಗಳು ತೃಪ್ತಿಕರವೆಂದು ದಾಖಲಾಗಿದ್ದವು. ಕಡಲು ಮತ್ತು ಪರಿಸರ ಜೀವವಿಜ್ಞಾನದಲ್ಲಿ ಡಾಕ್ಟರೇಟ್ ಪಡೆಯಲು ಏನೇನು ಬೇಕು ಎಂದು ಕೇಳಿಕೊಂಡು ಬರುವ ವಿದ್ಯಾರ್ಥಿಗಳಿಗೆ ನಾವು ಸಾಮಾನ್ಯವಾಗಿ ಅಂಕ, ಪ್ರವೇಶ ಪರೀಕ್ಷೆ, ಕ್ರೆಡಿಟ್ ಮತ್ತು ಅವಧಿಯ ಬಗ್ಗೆ ಹೇಳಿ ಕಳಿಸುತ್ತೇವೆ. ಅವೆಲ್ಲವನ್ನೂ ಪೂರೈಸಿದ್ದ ಅಭ್ಯರ್ಥಿಯೊಬ್ಬರ ಕೆಲಸ ಯಾಕೆ ಅಪೂರ್ಣವೆಂದು ನಿರ್ಧಾರವಾಯಿತು, ಆಮೇಲೆ ಅದನ್ನು ಹೇಗೆ ಸರಿಪಡಿಸಲಾಯಿತು ಎಂಬುದನ್ನು ಅಭ್ಯರ್ಥಿಯ ಮತ್ತು ಮಾರ್ಗದರ್ಶಕರ ಒಪ್ಪಿಗೆ ಪಡೆದು ಇಲ್ಲಿ ದಾಖಲಿಸುತ್ತಿದ್ದೇನೆ. ವ್ಯಕ್ತಿಗಳ ಮತ್ತು ವಿಶ್ವವಿದ್ಯಾನಿಲಯದ ಹೆಸರು ಈ ಬರಹಕ್ಕೆ ಅಗತ್ಯವಿಲ್ಲ.

ಪ್ರವೇಶದ ಹಂತ

ಅಭ್ಯರ್ಥಿ ಪ್ರಾಣಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಉಡುಪಿ ಬಳಿಯ ಒಂದು ಪದವಿ ಕಾಲೇಜಿನಲ್ಲಿ ಉಪನ್ಯಾಸಕಿಯಾಗಿದ್ದವರು. ನಮ್ಮ ಕರಾವಳಿಯಲ್ಲಿ ಕಡಲಿನ ಜೀವಿಗಳ ಮೇಲೆ ಸಂಶೋಧನೆ ಮಾಡಬಯಸುವವರ ಮುಂದೆ ಒಂದಕ್ಕಿಂತ ಹೆಚ್ಚು ದಾರಿಗಳಿವೆ, ಆದರೆ ಎಲ್ಲ ದಾರಿಗಳೂ ಎಲ್ಲರಿಗೂ ತೆರೆದಿಲ್ಲ. ಮಂಗಳೂರಿನ ಎಕ್ಕೂರಿನಲ್ಲಿರುವ, 1969ರಲ್ಲಿ ಆರಂಭವಾದ ದೇಶದ ಮೊದಲ ಮೀನುಗಾರಿಕಾ ಕಾಲೇಜು ಬೀದರಿನಲ್ಲಿ ಕೇಂದ್ರಸ್ಥಾನವಿರುವ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದು. ಅಲ್ಲಿನ ಡಾಕ್ಟರೇಟಿಗೆ ಮೀನುಗಾರಿಕಾ ವಿಜ್ಞಾನದ ಸ್ನಾತಕೋತ್ತರ ಪದವಿಯೇ ಮೆಟ್ಟಿಲು. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವವಿಜ್ಞಾನ ವಿಭಾಗವಿದೆ. ಕೊಣಾಜೆಯ ಮಂಗಳಗಂಗೋತ್ರಿಯಲ್ಲಿ 1980ರಲ್ಲಿ ಸ್ಥಾಪನೆಯಾದ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಜೀವವಿಜ್ಞಾನದಡಿಯಲ್ಲಿ ಇಂಥ ವಿಷಯ ತೆಗೆದುಕೊಳ್ಳಲು ಅವಕಾಶವಿದೆ. ಖಾಸಗಿ ಮತ್ತು ಪರಿಗಣಿತ ವಿಶ್ವವಿದ್ಯಾನಿಲಯಗಳೂ ಇವೆ. ಆದ್ದರಿಂದ ಪದವಿಯ ಹೆಸರನ್ನು ಹುಡುಕುವುದಕ್ಕೆ ಮೊದಲು, ತನ್ನ ವಿಷಯದಲ್ಲಿ ಕೆಲಸ ಮಾಡುತ್ತಿರುವ, ಮಾನ್ಯತೆ ಪಡೆದ ಮಾರ್ಗದರ್ಶಕರು ಎಲ್ಲಿದ್ದಾರೆ ಮತ್ತು ಅವರಲ್ಲಿ ಸ್ಥಾನ ಖಾಲಿ ಇದೆಯೇ ಎಂದು ವಿಚಾರಿಸುವುದೇ ಸರಿಯಾದ ಕ್ರಮ. ಒಬ್ಬ ಪ್ರಾಧ್ಯಾಪಕರು ಒಂದು ಕಾಲಕ್ಕೆ ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಅಭ್ಯರ್ಥಿಗಳಿಗಿಂತ ಹೆಚ್ಚು ಮಂದಿಗೆ ಮಾರ್ಗದರ್ಶನ ಮಾಡುವಂತಿಲ್ಲ. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಅವಧಿ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ.

ಅಭ್ಯರ್ಥಿ ಪ್ರವೇಶ ಪಡೆದದ್ದು 2023ರ ಜನವರಿಯಲ್ಲಿ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ (ಯುಜಿಸಿ) ಹೊಸ ಪಿಎಚ್‌.ಡಿ. ನಿಯಮಾವಳಿ 2022ರ ನವೆಂಬರ್ 7ರಂದು ಪ್ರಕಟವಾಗಿದ್ದುದರಿಂದ ಅವರಿಗೆ ಅದೇ ಅನ್ವಯವಾಯಿತು. ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ ಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ, ಅಂಗವಿಕಲರು ಮತ್ತು ಆರ್ಥಿಕವಾಗಿ ದುರ್ಬಲ ವರ್ಗದವರಿಗೆ ಶೇ. 5ರ ರಿಯಾಯಿತಿ ಇದೆ. ನಾಲ್ಕು ವರ್ಷಗಳ ಪದವಿ ಓದಿದವರು ಶೇ. 75 ಅಂಕ ಗಳಿಸಿದ್ದರೆ ನೇರವಾಗಿ ಅರ್ಜಿ ಹಾಕಬಹುದು. ಪ್ರವೇಶ ಪರೀಕ್ಷೆಯಲ್ಲಿ ಅರ್ಧದಷ್ಟು ಪ್ರಶ್ನೆಗಳು ಸಂಶೋಧನಾ ವಿಧಾನದ ಮೇಲೆ, ಉಳಿದರ್ಧ ವಿಷಯದ ಮೇಲೆ ಇರುತ್ತವೆ. ಆಯ್ಕೆಯಲ್ಲಿ ಪರೀಕ್ಷೆಗೆ ಶೇ. 70, ಸಂದರ್ಶನಕ್ಕೆ ಶೇ. 30ರ ತೂಕ. 2024ರಿಂದ ಈಚೆಗೆ ಎನ್‌ಇಟಿ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಅಂಕಗಳನ್ನೂ ಇದೇ ಪ್ರಮಾಣದಲ್ಲಿ ಪ್ರವೇಶಕ್ಕೆ ಬಳಸಬಹುದಾಗಿದ್ದು, ಆ ಅಂಕಗಳಿಗೆ ಒಂದು ವರ್ಷದ ಮಾನ್ಯತೆ ಇರುತ್ತದೆ. ನಮ್ಮ ವಿಷಯದವರು ಸಾಮಾನ್ಯವಾಗಿ ಸಿಎಸ್‌ಐಆರ್–ಯುಜಿಸಿ ಪರೀಕ್ಷೆಯ ಜೀವವಿಜ್ಞಾನ ಪತ್ರಿಕೆಯನ್ನೋ ಯುಜಿಸಿ ಪರೀಕ್ಷೆಯ ಪರಿಸರ ವಿಜ್ಞಾನವನ್ನೋ ಆರಿಸಿಕೊಳ್ಳುತ್ತಾರೆ. ಕಿರಿಯ ಸಂಶೋಧನಾ ವೇತನ ಸಿಕ್ಕವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ದೊರೆಯುತ್ತಿದೆ. ಈ ಅಭ್ಯರ್ಥಿಗೆ ಆ ವೇತನವಿರಲಿಲ್ಲ. ಕಾಲೇಜಿನಿಂದ ನಿರಾಕ್ಷೇಪಣಾ ಪತ್ರ ಪಡೆದು ಅರೆಕಾಲಿಕವಾಗಿ ಸೇರಿದರು. ದೋಣಿ ಬಾಡಿಗೆಯಿಂದ ಹಿಡಿದು ಫಾರ್ಮಾಲಿನ್ ಬಾಟಲಿಯ ತನಕ ಎಲ್ಲವೂ ಅವರ ಸಂಬಳದಿಂದಲೇ ಆಗಬೇಕಿತ್ತು ಎಂಬುದು ಮುಂದಿನ ಘಟನೆಗಳನ್ನು ಅರಿಯಲು ಮುಖ್ಯ.

ಕೋರ್ಸ್‌ವರ್ಕ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕನಿಷ್ಠ 12 ಕ್ರೆಡಿಟ್‌ಗಳು, ಅದರಲ್ಲಿ ಸಂಶೋಧನೆ ಮತ್ತು ಪ್ರಕಟಣೆಯ ನೈತಿಕತೆ ಎಂಬ ಪತ್ರಿಕೆ ಸೇರಿರಬೇಕು, ಉತ್ತೀರ್ಣತೆಗೆ ಶೇ. 55 ಬೇಕು. ಅರೆಕಾಲಿಕರಿಗೆ ಇದರಲ್ಲಿ ವಿನಾಯಿತಿ ಇಲ್ಲ. ಅಭ್ಯರ್ಥಿ 2023ರ ಸೆಪ್ಟೆಂಬರಿನ ಹೊತ್ತಿಗೆ ಇದನ್ನು ಒಳ್ಳೆಯ ಅಂಕಗಳೊಂದಿಗೆ ಮುಗಿಸಿದರು.

‘ಸಾಧ್ಯವಾದರೆ’ ಎಂಬ ಪದ

ಅಕ್ಟೋಬರಿನಲ್ಲಿ ಸಮಿತಿಯ ಮುಂದೆ ಬಂದ ಸಂಶೋಧನಾ ಪ್ರಸ್ತಾವ ಅಚ್ಚುಕಟ್ಟಾಗಿತ್ತು. ಅಳಿವೆಯ ಬಾಯಿಯಿಂದ ಒಳಕ್ಕೆ, ಕೆಮ್ಮಣ್ಣು ಊರಿನ ಕುದ್ರುಗಳ (ನದಿಯ ನಡುವಿನ ದ್ವೀಪಗಳ) ದಿಕ್ಕಿನಲ್ಲಿ ಐದು ತಾಣಗಳು. ಪ್ರತಿ ತಾಣದಲ್ಲಿ ತಿಂಗಳಿಗೆ ಮೂರು ಸಲ ವ್ಯಾನ್ ವೀನ್ ಗ್ರ್ಯಾಬ್ ಇಳಿಸಿ ಕೆಸರು ತೆಗೆಯುವುದು. ಇದು ಎರಡು ಕಬ್ಬಿಣದ ದವಡೆಗಳ ಉಪಕರಣ. ತಳಕ್ಕೆ ತಾಗಿದೊಡನೆ ಕೊಕ್ಕೆ ಕಳಚಿಕೊಂಡು, ಹಗ್ಗ ಎಳೆದಾಗ ದವಡೆಗಳು ಮುಚ್ಚಿ, ಗೊತ್ತಾದ ವಿಸ್ತಾರದ ಕೆಸರನ್ನು ಕಚ್ಚಿ ತರುತ್ತದೆ. ಆ ಕೆಸರನ್ನು 0.5 ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ತೊಳೆದು, ಉಳಿದ ಹುಳು, ಚಿಪ್ಪು, ಸಣ್ಣ ಸಿಗಡಿ ಜಾತಿಯ ಜೀವಿಗಳನ್ನು ಫಾರ್ಮಾಲಿನ್‌ನಲ್ಲಿ ಕೆಡದಂತೆ ಇಟ್ಟು, ರೋಸ್ ಬೆಂಗಾಲ್ ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗೆ ಒಂದೊಂದನ್ನಾಗಿ ಹೆಕ್ಕಿ ಗುರುತಿಸಬೇಕು. ಜೊತೆಗೆ ನೀರಿನ ಲವಣಾಂಶ, ವಿಂಕ್ಲರ್ ವಿಧಾನದಲ್ಲಿ ಕರಗಿದ ಆಮ್ಲಜನಕ, ಕೆಸರಿನ ಸಾವಯವ ಇಂಗಾಲ. ತಿಂಗಳಿಗೆ 15 ಮಾದರಿಗಳೆಂದರೆ ವರ್ಷಕ್ಕೆ 180. ಒಂದು ಮಾದರಿಯನ್ನು ಹೆಕ್ಕಿ ಮುಗಿಸುವುದಕ್ಕೆ ಒಂದು ಇಡೀ ದಿನ ಹೋಗುವುದೂ ಉಂಟು. ಈ ಶ್ರಮದ ಅಂದಾಜು ಇಲ್ಲದೆ ತಳವಾಸಿಗಳ ಅಧ್ಯಯನಕ್ಕೆ ಇಳಿದು ಅರ್ಧದಲ್ಲಿ ಬಿಟ್ಟವರನ್ನು ನಾನು ಬಲ್ಲೆ. ಈ ಅಭ್ಯರ್ಥಿ ಅಂಥವರಲ್ಲ.

ಆ ಪ್ರಸ್ತಾವದಲ್ಲಿ ಒಂದು ವಾಕ್ಯವಿತ್ತು: ಮಳೆಗಾಲದ ತಿಂಗಳುಗಳಲ್ಲಿ ‘ಸಾಧ್ಯವಾದರೆ’ ಮಾದರಿ ಸಂಗ್ರಹಿಸಲಾಗುವುದು. ಅದನ್ನು ಸಮಿತಿಯ ನಾವೆಲ್ಲರೂ ಓದಿದ್ದೆವು. ಹೇಗೆ ಸಾಧ್ಯವಾಗುತ್ತದೆ, ಯಾವ ದೋಣಿಯಲ್ಲಿ, ಯಾರ ನೆರವಿನಿಂದ ಎಂದು ಅಂದು ಒಬ್ಬರೂ ಕೇಳಲಿಲ್ಲ. ಉಡುಪಿಯಲ್ಲಿ ವರ್ಷಕ್ಕೆ ಬೀಳುವ ಸುಮಾರು 4,000 ಮಿಲಿಮೀಟರ್ ಮಳೆಯ ಬಹುಪಾಲು ಈ ನಾಲ್ಕು ತಿಂಗಳುಗಳಲ್ಲೇ ಸುರಿಯುತ್ತದೆ ಎಂದು ತಿಳಿದಿದ್ದ ನಾವು ಆ ಪದವನ್ನು ಹಾಗೆಯೇ ಹೋಗಲು ಬಿಟ್ಟದ್ದು ತಪ್ಪು. ಈ ಪ್ರಕರಣದಲ್ಲಿ ನಷ್ಟವಾದ ಒಂದು ವರ್ಷದ ಹೊಣೆ ಅಭ್ಯರ್ಥಿಯದ್ದು ಮಾತ್ರವಲ್ಲ, ಸಮಿತಿಯದ್ದೂ ಹೌದು.

2024ರ ಮೇ ಕೊನೆಯ ತನಕ ಕೆಲಸ ಸರಾಗವಾಗಿ ನಡೆಯಿತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ. ನಿಷೇಧ ಮೀನು ಹಿಡಿಯುವುದಕ್ಕೇ ಹೊರತು ಅಳಿವೆಯೊಳಗೆ ಕೆಸರು ತೆಗೆಯುವುದಕ್ಕಲ್ಲ. ಆದರೆ ಅವರು ಬಾಡಿಗೆಗೆ ಪಡೆಯುತ್ತಿದ್ದ ದೋಣಿಯ ಮಾಲೀಕರು ಇಂಜಿನ್ ಕಳಚಿ, ದೋಣಿಯನ್ನು ದಡಕ್ಕೆಳೆದು, ಮಡಲು ಹೊದೆಸಿದ್ದರು. ಬೇರೆ ದೋಣಿ ಸಿಕ್ಕಿದ ಒಂದು ದಿನ ನೆರೆಯ ಸೆಳೆತಕ್ಕೆ ಲಂಗರು ನಿಲ್ಲಲಿಲ್ಲ, ಗ್ರ್ಯಾಬ್ ತಳ ಮುಟ್ಟುವ ಮೊದಲೇ ಹಗ್ಗ ಓರೆಯಾಗಿ ಹರಿದುಹೋಯಿತು. ಮಾರ್ಗದರ್ಶಕರು ಜೀವಕ್ಕೆ ಅಪಾಯ ತಂದುಕೊಳ್ಳಬೇಡಿ ಎಂದರು. ಅದು ಸರಿಯಾದ ಮಾತು. ಹೀಗೆ ನಾಲ್ಕು ಸಾಲುಗಳು ಖಾಲಿ ಉಳಿದವು.

ಡಿಸೆಂಬರಿನ ಸಭೆ

ಅಭ್ಯರ್ಥಿ ಒಂದು ಪರಿಹಾರವನ್ನೂ ಸಿದ್ಧಪಡಿಸಿಕೊಂಡು ಬಂದಿದ್ದರು. ಶೀರ್ಷಿಕೆಯಿಂದ ‘ಋತುಮಾನದ’ ಎಂಬ ಪದವನ್ನು ತೆಗೆದು, ಮಳೆಯಿಲ್ಲದ ತಿಂಗಳುಗಳ ತಳವಾಸಿಗಳ ಅಧ್ಯಯನವೆಂದು ಬದಲಾಯಿಸುವುದು. ಇನ್ನೊಂದು ಒಣ ಋತುವಿನ ಮಾದರಿಗಳನ್ನು ಸೇರಿಸಿ, ಮೂರು ವರ್ಷದ ಕನಿಷ್ಠ ಅವಧಿ ಮುಗಿಯುವ 2026ರ ಜನವರಿಯ ನಂತರ ಮಹಾಪ್ರಬಂಧ ಸಲ್ಲಿಸುವುದು.

ಸಮಿತಿಯ ಹಿರಿಯ ಸದಸ್ಯರೊಬ್ಬರು ಇದನ್ನು ಒಪ್ಪಬಹುದೆಂದರು. ಮಳೆಗಾಲದ ಮಾದರಿ ಕಡ್ಡಾಯವೆಂದು ಯಾವ ನಿಯಮದಲ್ಲಿದೆ ಎಂಬ ಅವರ ಪ್ರಶ್ನೆಗೆ ಉತ್ತರವಿರಲಿಲ್ಲ, ಏಕೆಂದರೆ ಅಂಥ ನಿಯಮವೇ ಇಲ್ಲ. 2022ರ ನಿಯಮಾವಳಿಯಲ್ಲಿ ಪ್ರಕಟಿತ ಲೇಖನ ಕೂಡ ಕಡ್ಡಾಯವಲ್ಲ. 2016ರ ಹಿಂದಿನ ನಿಯಮದಲ್ಲಿ ಪರಿಶೀಲಿತ ಪತ್ರಿಕೆಯಲ್ಲಿ ಒಂದು ಲೇಖನ ಮತ್ತು ಎರಡು ಸಮ್ಮೇಳನ ಮಂಡನೆಗಳು ಬೇಕಾಗಿದ್ದವು. ಅರೆಕಾಲಿಕವಾಗಿ, ಸ್ವಂತ ಖರ್ಚಿನಲ್ಲಿ, ಮನೆಯಲ್ಲಿ ಎರಡು ವರ್ಷದ ಮಗುವನ್ನು ಇಟ್ಟುಕೊಂಡು ದುಡಿಯುವ ಅಭ್ಯರ್ಥಿಗೆ ನಿಯಮ ಕೇಳದೇ ಇರುವ ಹೊರೆಯನ್ನು ನಾವು ಹೊರಿಸಬೇಕೇ ಎಂಬ ಅವರ ಮಾತಿನಲ್ಲಿ ಕನಿಕರವೂ ನ್ಯಾಯವೂ ಇತ್ತು.

ನನ್ನ ಅಭಿಪ್ರಾಯ ಬೇರೆಯಾಗಿತ್ತು, ಅದಕ್ಕೆ ಎರಡು ಕಾರಣಗಳಿದ್ದವು.

ಮೊದಲನೆಯದು ಅಳಿವೆಯ ಸ್ವಭಾವ. ಮೇ ತಿಂಗಳಲ್ಲಿ ಕೋಡಿ ಬೆಂಗ್ರೆಯ ಬಾಯಲ್ಲಿ ನೀರಿನ ಲವಣಾಂಶ ಸಮುದ್ರದ ಮಟ್ಟಕ್ಕೆ, ಅಂದರೆ ಸಾವಿರಕ್ಕೆ 35 ಭಾಗದ ಸಮೀಪಕ್ಕೆ ಏರಿರುತ್ತದೆ. ಜುಲೈಯಲ್ಲಿ ಘಟ್ಟದ ನೀರು ಇಳಿದು ಬಂದಾಗ ಒಳಗಿನ ತಾಣಗಳಲ್ಲಿ ಅದು ಸೊನ್ನೆಯ ಹತ್ತಿರಕ್ಕೆ ಕುಸಿಯುತ್ತದೆ. ಉಪ್ಪುನೀರಿಗೆ ಒಗ್ಗಿದ ಹುಳುಗಳೂ ಮರುವಾಯಿಯಂಥ ಕಪ್ಪೆಚಿಪ್ಪುಗಳೂ ಎದುರಿಸುವ ವರ್ಷದ ಅತಿ ದೊಡ್ಡ ಆಘಾತ ಇದೇ. ಅಕ್ಟೋಬರಿನಲ್ಲಿ ಕೆಸರಿನಲ್ಲಿ ಏನು ಕಾಣುತ್ತದೆಯೋ ಅದು ಮಳೆಗಾಲದಲ್ಲಿ ಯಾವುದು ಸತ್ತಿತು, ಯಾವುದು ಉಳಿಯಿತು, ಯಾವುದು ಹೊಸದಾಗಿ ಬಂದು ನೆಲೆಸಿತು ಎಂಬುದರ ಫಲ. ಆ ನಾಲ್ಕು ತಿಂಗಳುಗಳನ್ನು ಬಿಟ್ಟ ಅಧ್ಯಯನದಲ್ಲಿ ಪರಿಣಾಮದ ಪಟ್ಟಿ ಇರುತ್ತದೆ, ಕಾರಣ ಇರುವುದಿಲ್ಲ. ಶೀರ್ಷಿಕೆಯಿಂದ ಪದವೊಂದನ್ನು ಕಿತ್ತರೂ ಈ ಕೊರತೆ ಹಾಗೇ ಉಳಿಯುತ್ತದೆ.

ಎರಡನೆಯದು ಸಂಖ್ಯಾಶಾಸ್ತ್ರದ್ದು, ಮತ್ತು ಇದನ್ನು ಕ್ಷೇತ್ರಕಾರ್ಯಕ್ಕೆ ಹೊರಡುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಮೊದಲ ದಿನವೇ ಅರಿತಿರಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ. ಒಂದೇ ತಾಣದಲ್ಲಿ ಒಂದೇ ದಿನ ಮೂರು ಸಲ ಗ್ರ್ಯಾಬ್ ಇಳಿಸಿದರೆ ಆ ತಾಣದ ಬಗ್ಗೆ ನಮ್ಮ ಅಂದಾಜು ಗಟ್ಟಿಯಾಗುತ್ತದೆ, ನಿಜ. ಆದರೆ ಮೂರು ಸಲ ಕೆಸರು ತೆಗೆದ ಮಾತ್ರಕ್ಕೆ ಮೂರು ಮಳೆಗಾಲಗಳನ್ನು ನೋಡಿದಂತಾಗುವುದಿಲ್ಲ. ಒಂದು ವರ್ಷದ ಮಾದರಿಗಳಿಂದ ‘ಬೇಸಗೆಗೂ ಚಳಿಗಾಲಕ್ಕೂ ಇಂಥ ವ್ಯತ್ಯಾಸವಿದೆ’ ಎಂದು ಹೇಳುವವರು ಪ್ರತಿ ಋತುವನ್ನೂ ಒಂದೇ ಒಂದು ಸಲ ನೋಡಿರುತ್ತಾರೆ. ಆ ವ್ಯತ್ಯಾಸ ಋತುವಿನದೋ ಆ ಒಂದು ವರ್ಷದ್ದೋ ಎಂದು ಬೇರ್ಪಡಿಸಲು ಅವರಲ್ಲಿ ಸಾಧನವಿರುವುದಿಲ್ಲ. ಪರಿಸರ ವಿಜ್ಞಾನಿ ಸ್ಟುವರ್ಟ್ ಹರ್ಲ್‌ಬರ್ಟ್ 1984ರಲ್ಲಿ ಇಂಥ ಪ್ರಮಾದಕ್ಕೆ ಸ್ಯೂಡೋರೆಪ್ಲಿಕೇಶನ್, ಅಂದರೆ ಪುನರಾವರ್ತನೆಯ ಹುಸಿ ರೂಪ, ಎಂದು ಹೆಸರಿಟ್ಟರು. ಅಭ್ಯರ್ಥಿಯ ಕೈಯಲ್ಲಿದ್ದ 150 ಮಾದರಿಗಳ ಸಂಖ್ಯೆ ದೊಡ್ಡದಾಗಿ ಕಂಡರೂ, ಅವರ ಮುಖ್ಯ ಪ್ರಶ್ನೆಗೆ ಬೇಕಾದ ಎಣಿಕೆಯಲ್ಲಿ ಮಳೆಗಾಲದ ಸ್ಥಾನದಲ್ಲಿ ಸೊನ್ನೆ ಇತ್ತು. ಕನಿಷ್ಠ ಎರಡು ಮಳೆಗಾಲಗಳು ಬೇಕೇ ಬೇಕು ಎಂದು ನಾನು ವಾದಿಸಿದೆ.

ಚರ್ಚೆ ಸುಮಾರು ಎರಡು ಗಂಟೆ ನಡೆಯಿತು. ಕೊನೆಗೆ ನಿರ್ಧಾರಕ್ಕೆ ಆಧಾರವಾದದ್ದು ನಿಯಮಾವಳಿಯೇ. ಪ್ರತಿ ಸೆಮಿಸ್ಟರಿನಲ್ಲೂ ಅಭ್ಯರ್ಥಿ ಸಮಿತಿಯ ಮುಂದೆ ಬಂದು ಪ್ರಗತಿ ಮಂಡಿಸಬೇಕು; ಪ್ರಗತಿ ತೃಪ್ತಿಕರವಲ್ಲದಿದ್ದರೆ ಸಮಿತಿ ಕಾರಣಗಳನ್ನು ದಾಖಲಿಸಿ, ಸರಿಪಡಿಸುವ ಕ್ರಮಗಳನ್ನು ಸೂಚಿಸಬೇಕು; ಅವುಗಳನ್ನು ಪಾಲಿಸದಿದ್ದರೆ ನೋಂದಣಿ ರದ್ದತಿಗೂ ಶಿಫಾರಸು ಮಾಡಬಹುದು. ಬಹಳ ಕಡೆ ಈ ಅರ್ಧವಾರ್ಷಿಕ ಸಭೆ ಸಹಿ ಹಾಕುವ ಶಾಸ್ತ್ರವಾಗಿ ಮುಗಿಯುತ್ತದೆ. ವಾಸ್ತವದಲ್ಲಿ ಪದವಿಯ ಎಲ್ಲ ಅಗತ್ಯಗಳ ಪೈಕಿ ಕೆಲಸದ ತಿರುಳನ್ನು ಕೆಲಸ ನಡೆಯುತ್ತಿರುವಾಗಲೇ ತಪಾಸಣೆ ಮಾಡುವುದು ಇದೊಂದೇ. ಸಮಿತಿ ಪ್ರಗತಿಯನ್ನು ತೃಪ್ತಿಕರವಲ್ಲ ಎಂದು ಬರೆದು, ಅದರ ಜೊತೆಗೇ ಎರಡು ಮಳೆಗಾಲಗಳ ಕಾರ್ಯಯೋಜನೆಯನ್ನು ಆರು ವಾರದೊಳಗೆ ತರಬೇಕೆಂದು ಸೂಚಿಸಿತು.

ಅಭ್ಯರ್ಥಿ ತುಂಬ ನೊಂದುಕೊಂಡರು. ಹೊರಗೆ ಬಂದ ಮೇಲೆ ಅವರು ಕೇಳಿದ್ದು ಒಂದೇ ಮಾತು: “ಸರ್, ಇದನ್ನು ಹೋದ ವರ್ಷದ ಅಕ್ಟೋಬರಿನಲ್ಲೇ ಹೇಳಿದ್ದರೆ ಒಂದು ಮಳೆಗಾಲ ಸಿಗುತ್ತಿತ್ತಲ್ಲ?” ಸಿಗುತ್ತಿತ್ತು. ನಾನು ಹಾಗೆಂದು ಒಪ್ಪಿಕೊಂಡೆ. ಅವಧಿಯ ಲೆಕ್ಕವನ್ನು ಅವರ ಜೊತೆ ಕುಳಿತು ಬರೆದೆ: ಪ್ರವೇಶದ ದಿನದಿಂದ ಆರು ವರ್ಷ, ಅಂದರೆ 2029ರ ಜನವರಿಯವರೆಗೆ ಕಾಲವಿದೆ; ಅದು ಸಾಲದಿದ್ದರೆ ಮರುನೋಂದಣಿಯಿಂದ ಇನ್ನೆರಡು ವರ್ಷ; ಮಹಿಳೆಯರಿಗೆ ಅದರ ಮೇಲೆ ಮತ್ತೆರಡು ವರ್ಷ. ಹೆರಿಗೆ ಅಥವಾ ಮಕ್ಕಳ ಆರೈಕೆಗೆ ಇಡೀ ಅವಧಿಯಲ್ಲಿ ಒಮ್ಮೆ 240 ದಿನಗಳ ರಜೆಯೂ ಇದೆ. ಅವಧಿ ಮೀರುವ ಭಯ ಇರಲಿಲ್ಲ. ಮಳೆಗಾಲದಲ್ಲಿ ತಳದ ಕೆಸರು ತೆಗೆಯುವ ದಾರಿ ಇನ್ನೂ ಸಿಕ್ಕಿರಲಿಲ್ಲ.

ಕೋಡಿ ಬೆಂಗ್ರೆಯಲ್ಲಿ

ಆ ದಾರಿ ಸಿಕ್ಕಿದ್ದು ಪ್ರಯೋಗಾಲಯದ ಹೊರಗೆ. 2025ರ ಜನವರಿಯಲ್ಲಿ ಒಂದು ಅಮಾವಾಸ್ಯೆಯ ಇಳಿತದ ಹೊತ್ತಿಗೆ ಮಾರ್ಗದರ್ಶಕರು, ಅಭ್ಯರ್ಥಿ ಮತ್ತು ನಾನು ಕೋಡಿ ಬೆಂಗ್ರೆಗೆ ಹೋದೆವು. ಹೊಯಿಗೆ ದಿಬ್ಬದ ಮೇಲೆ ನಾಲ್ಕೈದು ಮಂದಿ ಹೆಂಗಸರು ಕುಕ್ಕರಗಾಲಿನಲ್ಲಿ ಕುಳಿತು ಮರುವಾಯಿ ಹೆಕ್ಕುತ್ತಿದ್ದರು. ಅಭ್ಯರ್ಥಿ ಅವರಲ್ಲಿ ಹಿರಿಯರೊಬ್ಬರನ್ನು ಅಕ್ಕ ಎಂದು ಕರೆದು, ಮಳೆಗಾಲದಲ್ಲಿ ಇಲ್ಲಿಗೆ ಯಾರಾದರೂ ಇಳಿಯುತ್ತಾರೆಯೇ ಎಂದು ತುಳುವಿನಲ್ಲಿ ಕೇಳಿದರು. ದೋಣಿ ನೆಚ್ಚಿಕೊಂಡವರು ಇಳಿಯುವುದಿಲ್ಲ, ಕಾಲು ನೆಚ್ಚಿಕೊಂಡವರು ಇಳಿಯುತ್ತೇವೆ ಎಂಬ ಅರ್ಥದ ಉತ್ತರ ಬಂತು. ಮಳೆ ಎರಡು ದಿನ ಬಿಟ್ಟಾಗ, ದೊಡ್ಡ ಇಳಿತದ ಹೊತ್ತಿನಲ್ಲಿ, ಬಾಯಿಯ ಹತ್ತಿರದ ದಿಬ್ಬಗಳೂ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದ ಕೆಸರೂ ಸ್ವಲ್ಪ ಹೊತ್ತು ತೆರೆದುಕೊಳ್ಳುತ್ತವೆ. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಸಿಹಿನೀರು ನಿಂತರೆ ಒಳಗಿನ ಮರುವಾಯಿ ಬಾಯಿ ಬಿಟ್ಟು ಸಾಯುತ್ತದೆ, ಆ ಖಾಲಿ ಚಿಪ್ಪು ಕಾಲಿಗೆ ಸಿಗುತ್ತದೆ ಎಂದೂ ಅವರು ಹೇಳಿದರು. ನಮ್ಮ ಪ್ರಸ್ತಾವದಲ್ಲಿ ಎಲ್ಲೂ ಇಲ್ಲದಿದ್ದ ವೀಕ್ಷಣೆ ಅದು.

ಹೊಸ ಯೋಜನೆ ಅಲ್ಲಿಂದಲೇ ರೂಪುಗೊಂಡಿತು. ಐದು ತಾಣಗಳಲ್ಲಿ ನಾಲ್ಕರ ಪಕ್ಕದಲ್ಲಿ ಇಳಿತಕ್ಕೆ ತೆರೆದುಕೊಳ್ಳುವ ಕೆಸರಿನ ಅಂಚು ಇತ್ತು. ಅಲ್ಲಿ ದೋಣಿಯಿಲ್ಲದೆ, ಪಿವಿಸಿ ಕೊಳವೆಯಿಂದ ಮಾಡಿದ ಕೈ ಕೋರರ್ ಒತ್ತಿ ಕೆಸರು ತೆಗೆಯಬಹುದು. ಆದರೆ ಒಂದು ತೊಡಕು. ಒಣ ತಿಂಗಳುಗಳಲ್ಲಿ ಗ್ರ್ಯಾಬ್, ಮಳೆಗಾಲದಲ್ಲಿ ಕೋರರ್ ಬಳಸಿದರೆ, ಕಂಡ ವ್ಯತ್ಯಾಸ ಋತುವಿನದೋ ಉಪಕರಣದ್ದೋ ಎಂಬ ಪ್ರಶ್ನೆ ಏಳುತ್ತದೆ. ಗ್ರ್ಯಾಬ್ ಹೆಚ್ಚು ವಿಸ್ತಾರವನ್ನು ಕಚ್ಚುತ್ತದೆ. ಕೋರರ್ ಕಡಿಮೆ ವಿಸ್ತಾರವನ್ನು, ಆದರೆ ಆಳವಾಗಿ, ತೆಗೆಯುತ್ತದೆ. ಮೇಲಾಗಿ ಒಂದು ಸದಾ ನೀರಿನಡಿಯ ತಳ, ಇನ್ನೊಂದು ದಿನಕ್ಕೆರಡು ಸಲ ತೆರೆದುಕೊಳ್ಳುವ ಅಂಚು. ಇದನ್ನು ಬಗೆಹರಿಸಲು ಫೆಬ್ರವರಿಯಿಂದ ಮೇ ತನಕ ನಾಲ್ಕು ತಿಂಗಳು ಎರಡೂ ವಿಧಾನಗಳನ್ನು ಅಕ್ಕಪಕ್ಕದಲ್ಲಿ ನಡೆಸುವುದೆಂದು ತೀರ್ಮಾನವಾಯಿತು. ನಾಲ್ಕು ತಾಣ, ಮೂರು ಪುನರಾವರ್ತನೆ, ನಾಲ್ಕು ತಿಂಗಳು ಎಂದರೆ ಹೆಚ್ಚುವರಿಯಾಗಿ 48 ಮಾದರಿಗಳು. ಋತುಗಳ ಹೋಲಿಕೆಯನ್ನು ಕೋರರ್ ಮಾದರಿಗಳ ನಡುವೆ ಮಾತ್ರ ಮಾಡುವುದು, ಗ್ರ್ಯಾಬ್ ಮಾದರಿಗಳನ್ನು ಒಣ ತಿಂಗಳುಗಳ ತಾಣ ವ್ಯತ್ಯಾಸಕ್ಕೆ ಬಳಸುವುದು. ಕಾಲುವೆಯ ನಡುವಿನ ಐದನೆಯ ತಾಣದಲ್ಲಿ ಮಳೆಗಾಲದ ಮಾದರಿ ಇಲ್ಲವೆಂಬುದನ್ನು ಮಹಾಪ್ರಬಂಧದಲ್ಲಿ ನೇರವಾಗಿ ಬರೆಯುವುದು. ಹೀಗೆ ಮೊದಲ ವರ್ಷದ 150 ಮಾದರಿಗಳ ಶ್ರಮವೂ ವ್ಯರ್ಥವಾಗಲಿಲ್ಲ.

ಕಾಗದಪತ್ರಗಳ ಕೆಲಸವೂ ಇತ್ತು. ಕಾಂಡ್ಲಾ ಕಾಡು 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯಡಿ ಅತಿ ಸೂಕ್ಷ್ಮ ವರ್ಗಕ್ಕೆ ಸೇರುತ್ತದೆ. ಅದರ ಬುಡದಲ್ಲಿ ಕೆಸರು ಅಗೆಯುವ ಮೊದಲು ಅರಣ್ಯ ಇಲಾಖೆಯ ಲಿಖಿತ ಅನುಮತಿ ಪಡೆಯಲಾಯಿತು. ಮಾದರಿಗಳನ್ನು ಗುರುತಿಸುವಿಕೆಗಾಗಿ ವಿದೇಶಕ್ಕೆ ಕಳುಹಿಸುವ ಯೋಚನೆಯೊಂದಿತ್ತು. ಜೀವವೈವಿಧ್ಯ ಕಾಯಿದೆಯ ಪ್ರಕಾರ ಅದಕ್ಕೆ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಬೇಕಾಗುವುದರಿಂದ ದೇಶದೊಳಗಿನ ತಜ್ಞರ ನೆರವನ್ನೇ ಆರಿಸಿಕೊಂಡರು. ನಾನು ಒತ್ತಾಯಿಸಿದ ಇನ್ನೊಂದು ವಿಷಯವೆಂದರೆ ಪ್ರತಿ ಜಾತಿಯ ಕೆಲವು ಪ್ರಾಣಿಗಳನ್ನು ಫಾರ್ಮಾಲಿನ್ ಬದಲು ಶೇ. 95ರ ಆಲ್ಕೊಹಾಲ್‌ನಲ್ಲಿ ತೆಗೆದಿಡುವುದು. ಫಾರ್ಮಾಲಿನ್ ಡಿಎನ್‌ಎಯನ್ನು ಕೆಡಿಸುತ್ತದೆ. ಹುಳುವಿನ ಗುರುತಿನ ಬಗ್ಗೆ ಪರೀಕ್ಷಕರು ಸಂಶಯಪಟ್ಟರೆ ಆಮೇಲೆ ತಾಳೆ ನೋಡಲು ಏನೂ ಉಳಿದಿರುವುದಿಲ್ಲ.

ಅತ್ಯಂತ ಸಾಮಾನ್ಯವೆಂದು ಕಾಣುವ ಕಾಗದವೇ ಅತ್ಯಂತ ಉಪಯುಕ್ತವಾಯಿತು. ದೊಡ್ಡ ಇಳಿತಗಳು ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನ ಕೆಲವೇ ದಿನಗಳಲ್ಲಿ ಬರುತ್ತವೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ತರಗತಿ, ಆಂತರಿಕ ಪರೀಕ್ಷೆ, ಮೌಲ್ಯಮಾಪನಗಳ ನಡುವೆ ಇದನ್ನು ಹೊಂದಿಸುವುದು ಅರೆಕಾಲಿಕ ಅಭ್ಯರ್ಥಿಗೆ ಸುಲಭವಲ್ಲ. ಮೊದಲ ನಿರಾಕ್ಷೇಪಣಾ ಪತ್ರದಲ್ಲಿ ಕ್ಷೇತ್ರಕಾರ್ಯದ ದಿನಗಳ ಪ್ರಸ್ತಾಪವೇ ಇರಲಿಲ್ಲ, ಪ್ರತಿ ಸಲ ಪ್ರಾಂಶುಪಾಲರ ಮುಂದೆ ನಿಂತು ರಜೆ ಕೇಳಬೇಕಾಗುತ್ತಿತ್ತು. ಈಗ ವರ್ಷದ ಇಳಿತದ ದಿನಗಳನ್ನು ಪಟ್ಟಿ ಮಾಡಿ, ತಿಂಗಳಿಗೆ ಮೂರು ದಿನ ಕರ್ತವ್ಯದ ಮೇಲೆ ಎಂದು ಲಿಖಿತ ಒಪ್ಪಿಗೆ ಪಡೆದಿದ್ದಾರೆ. ಅರೆಕಾಲಿಕವಾಗಿ ಕಡಲಿನ ವಿಷಯ ತೆಗೆದುಕೊಳ್ಳುವವರು ಪ್ರವೇಶಕ್ಕೆ ಮೊದಲೇ ಇದನ್ನು ಕೇಳಿ ಪಡೆಯಬೇಕು.

2025ರ ಮಳೆಗಾಲದಲ್ಲಿ ನಾಲ್ಕೂ ತಿಂಗಳು ಮಾದರಿ ಸಿಕ್ಕಿತು. ಜುಲೈಯಲ್ಲಿ ಎರಡು ಸಲ ನೀರು ಇಳಿಯದೆ ವಾಪಸಾಗಿ, ಮೂರನೆಯ ಪ್ರಯತ್ನದಲ್ಲಿ, ದಡದಲ್ಲಿ ಹಗ್ಗ ಹಿಡಿದು ನಿಂತ ಇಬ್ಬರ ಕಾವಲಿನಲ್ಲಿ ಕೆಲಸ ಮುಗಿಸಿದರು. ಡಿಸೆಂಬರಿನ ಮಂಡನೆಯಲ್ಲಿ ಕೋಷ್ಟಕದ ಆ ನಾಲ್ಕು ಸಾಲುಗಳು ತುಂಬಿದ್ದವು. ಒಳಗಿನ ತಾಣಗಳಲ್ಲಿ ಜುಲೈಯ ಲವಣಾಂಶ ಸೊನ್ನೆಗೆ ತಾಗಿತ್ತು. ಜರಡಿಯಲ್ಲಿ ಜೀವಂತ ಮರುವಾಯಿಗಿಂತ ಖಾಲಿ ಚಿಪ್ಪುಗಳೇ ಹೆಚ್ಚು ಉಳಿದಿದ್ದವು. ಮಳೆ ಇಳಿದ ಮೇಲೆ ಎಳೆಯ ಮರುವಾಯಿಗಳು ಮೊದಲು ಕಂಡದ್ದು ಅಳಿವೆಯ ಬಾಯಿಯ ತಾಣದಲ್ಲಿ. ಅಲ್ಲಿಂದ ಒಳಕ್ಕೆ ಅವು ಎಷ್ಟು ತಿಂಗಳಲ್ಲಿ ಮರಳಿ ಹರಡುತ್ತವೆ ಎಂಬುದು ಈಗ ಮಹಾಪ್ರಬಂಧದ ಮುಖ್ಯ ಪ್ರಶ್ನೆಯಾಗಿದೆ. ಒಂದು ವರ್ಷದ ಹಿಂದೆ ಶೀರ್ಷಿಕೆ ಬದಲಿಸಲು ಒಪ್ಪಬಹುದೆಂದಿದ್ದ ಹಿರಿಯ ಸದಸ್ಯರೇ ಆ ದಿನ ಅತಿ ಹೆಚ್ಚು ಪ್ರಶ್ನೆ ಕೇಳಿದರು, ಪ್ರಗತಿ ತೃಪ್ತಿಕರವೆಂದು ಮೊದಲು ಸಹಿ ಹಾಕಿದವರೂ ಅವರೇ.

ಮುಂದಿರುವ ಹಂತಗಳು

ಎರಡನೆಯ ಮಳೆಗಾಲ ಮುಗಿದು ವಿಶ್ಲೇಷಣೆಯಾದ ಮೇಲೆ, ವಿಭಾಗದ ಎಲ್ಲ ಅಧ್ಯಾಪಕರಿಗೂ ಸಂಶೋಧಕರಿಗೂ ತೆರೆದಿರುವ ಪೂರ್ವಭಾವಿ ಮಂಡನೆ ನಡೆಯಬೇಕು. ಆನಂತರ ಮಹಾಪ್ರಬಂಧವನ್ನು ಕೃತಿಚೌರ್ಯ ಪತ್ತೆ ತಂತ್ರಾಂಶದಲ್ಲಿ ಪರಿಶೀಲಿಸಲಾಗುತ್ತದೆ. 2018ರ ನಿಯಮದ ಪ್ರಕಾರ ಶೇ. 10ರ ತನಕದ ಸಾಮ್ಯಕ್ಕೆ ದಂಡನೆಯಿಲ್ಲ, ಶೇ. 40ರ ತನಕ ಇದ್ದರೆ ಆರು ತಿಂಗಳೊಳಗೆ ತಿದ್ದಿ ಸಲ್ಲಿಸಬೇಕು, ಶೇ. 60 ಮೀರಿದರೆ ನೋಂದಣಿಯೇ ರದ್ದು. ಮಾರ್ಗದರ್ಶಕರಲ್ಲದೆ ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರು ಮೌಲ್ಯಮಾಪನ ಮಾಡುತ್ತಾರೆ. ಇಬ್ಬರೂ ಒಪ್ಪಿದರೆ ಮಾತ್ರ ಮೌಖಿಕ ಪರೀಕ್ಷೆ. ಒಬ್ಬರು ತಿರಸ್ಕರಿಸಿದರೆ ಮತ್ತೊಬ್ಬ ಪರೀಕ್ಷಕರಿಗೆ ಹೋಗುತ್ತದೆ. ಸಲ್ಲಿಕೆಯಿಂದ ಆರು ತಿಂಗಳೊಳಗೆ ಈ ಪ್ರಕ್ರಿಯೆ ಮುಗಿಯಬೇಕೆಂಬುದು ನಿಯಮ. ಪದವಿ ಪ್ರದಾನಕ್ಕೆ ಮೊದಲು ಇಡೀ ಮಹಾಪ್ರಬಂಧದ ವಿದ್ಯುನ್ಮಾನ ಪ್ರತಿ ಎಲ್ಲರೂ ಓದಬಹುದಾದ ಶೋಧಗಂಗಾ ಭಂಡಾರಕ್ಕೆ ಸೇರುತ್ತದೆ. ಲೇಖನ ಪ್ರಕಟಣೆ ಕಡ್ಡಾಯವಲ್ಲದಿದ್ದರೂ, ಗ್ರ್ಯಾಬ್ ಮತ್ತು ಕೋರರ್ ಹೋಲಿಕೆಯ 48 ಮಾದರಿಗಳ ಫಲಿತಾಂಶವನ್ನು ಪ್ರತ್ಯೇಕ ಲೇಖನವಾಗಿ ಪರಿಶೀಲಿತ ಪತ್ರಿಕೆಗೆ ಕಳುಹಿಸಬೇಕೆಂದು ಸಮಿತಿ ಸಲಹೆ ಮಾಡಿದೆ, ಏಕೆಂದರೆ ಮಳೆಗಾಲದಲ್ಲಿ ದೋಣಿ ಇಳಿಯದ ಅಳಿವೆಗಳು ಈ ಕರಾವಳಿಯಲ್ಲಿ ಇನ್ನೂ ಅನೇಕವಿವೆ ಮತ್ತು ಅಲ್ಲಿ ಕೆಲಸ ಮಾಡುವವರಿಗೆ ಈ ವಿಧಾನ ಬೇಕಾಗುತ್ತದೆ.

ಈ ಪ್ರಕರಣದ ನಂತರ ನಮ್ಮ ಸಮಿತಿ ಹೊಸ ಪ್ರಸ್ತಾವಗಳನ್ನು ಓದುವ ಕ್ರಮ ಬದಲಾಗಿದೆ. ಮಾದರಿ ಸಂಗ್ರಹದ ವೇಳಾಪಟ್ಟಿಯಲ್ಲಿ ಪ್ರತಿ ತಿಂಗಳ ಎದುರು ತಾಣ, ಉಪಕರಣ ಮತ್ತು ಅಲ್ಲಿಗೆ ತಲುಪುವ ಬಗೆ ಬರೆದಿರಬೇಕು. ಮಳೆಗಾಲಕ್ಕೆ ಮುಂಚೆ, ಅಂದರೆ ಏಪ್ರಿಲಿನೊಳಗೆ, ಆ ವಿಧಾನವನ್ನು ಒಮ್ಮೆ ಪ್ರಯೋಗಿಸಿ ನೋಡಿರಬೇಕು. ಅಭ್ಯರ್ಥಿಯ ಎರಡನೆಯ ಮಳೆಗಾಲದ ಮೊದಲ ಮಾದರಿಗೆ 2026ರ ಜೂನ್ 15ರ ಅಮಾವಾಸ್ಯೆಯ ಆಸುಪಾಸಿನ ಮೂರು ದಿನಗಳನ್ನು ಗೊತ್ತುಮಾಡಲಾಗಿದೆ. ಆ ದಿನಗಳಿಗೆ ಪ್ರಾಂಶುಪಾಲರ ಒಪ್ಪಿಗೆಯೂ, ಹಗ್ಗ ಹಿಡಿಯಲು ಬೆಂಗ್ರೆಯ ಇಬ್ಬರ ಮಾತೂ ಈಗಾಗಲೇ ಸಿಕ್ಕಿದೆ.